ನಾನು ಕುಡಿಯದ ಕಷಾಯ

ಹೋದ ಅಕ್ಟೋಬರಿನಲ್ಲಿ ಕಲ್ಕತ್ತೆಗೆ ಹೋಗಿದ್ದೆ. ದೊಡ್ಡ ಮಗಳು ಅನುಷಾ ಅಲ್ಲಿಯ ಕಾಲೇಜು ಸೇರಿ ಮೂರು ತಿಂಗಳಾಗಿತ್ತು. ದುರ್ಗಾಪೂಜೆಯ ರಜೆಯಲ್ಲಿ ನಾಲ್ಕು ದಿನ ಅವಳ ಜೊತೆ ಇರೋಣವೆಂದು ಹೊರಟೆ. ಸಂಜೆ ಮೆಟ್ರೊ ಇಳಿದು, ಮೆಟ್ಟಿಲು ಹತ್ತಿ, ರಸ್ತೆಗೆ ಬಂದೆವೋ ಇಲ್ಲವೋ ಆ ವಾಸನೆ ಮೂಗಿಗೆ ಬಡಿಯಿತು. ಛಾತಿಮ್ ಮರದ ಹೂವಿನದು. ಕತ್ತಲಾಗುತ್ತ ಬಂದಂತೆ ಅದು ಜೋರಾಗುತ್ತದೆ. ಕೆಲವರಿಗೆ ಸುಗಂಧ, ಹಲವರಿಗೆ ತಲೆನೋವು. ಅನುಷಾ ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡು, "ಅಮ್ಮಾ, ಈ ಸ್ಮೆಲ್ ನಂಗೆ ಹೆಡೇಕ್ ಕೊಡ್ತದೆ, ಬೇಗ ನಡಿ" ಎಂದಳು. ನನಗೆ ತಲೆ ನೋಯಲಿಲ್ಲ. ಒಂಬತ್ತು ವರ್ಷದ ಹಿಂದಿನ ಸಿಟ್ಟು ಇದ್ದ ಹಾಗೇ ಮೇಲೆದ್ದು ಬಂತು, ಅದರ ಬೆನ್ನಿಗೇ ನಗುವೂ ಬಂತು.

ಆ ವರ್ಷದ ಸಂಗತಿ ಹೆಂಗಸರು ಅಡುಗೆಮನೆಯಲ್ಲಿ ದನಿ ತಗ್ಗಿಸಿ ಆಡುವಂಥದ್ದು. ಗಂಡಸರಂತೂ ಆಡುವುದೇ ಇಲ್ಲ. ನಾನು ಗಣಿತದ ಟೀಚರು, ಕೊನೆಯ ಬೆಂಚಿಗೂ ಕೇಳುವಂತೆ ಮಾತಾಡಿ ಅಭ್ಯಾಸ. ಅದೇ ದನಿಯಲ್ಲಿ ಇದನ್ನು ಬರೆಯುತ್ತೇನೆ. ಯಾರಿಗೆ ಮುಜುಗರವೋ ಅವರು ಪುಟ ತಿರುಗಿಸಬಹುದು.

ನಾನು ರೇಣುಕಾ, ಧಾರವಾಡದವಳು. ಗಂಡ ಸದಾನಂದ ಉಡುಪಿ ಕಡೆಯವರು, ಮನೆಮಾತು ತುಳು. ನನಗೆ ತುಳು ಬಾರದು, ಆದ್ದರಿಂದ ನಮ್ಮ ಮನೆಯಲ್ಲಿ ಎರಡು ಬಗೆಯ ಕನ್ನಡ ಓಡಾಡುತ್ತದೆ. ಅವರು ಆಗ ಕಲ್ಕತ್ತೆಯಲ್ಲಿ, ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ನಕಾಶೆಗಳ ಕೆಲಸ ಮಾಡುತ್ತಿದ್ದರು, ಪಾರ್ಕ್ ಸ್ಟ್ರೀಟ್‌ನಿಂದ ಹತ್ತು ನಿಮಿಷದ ನಡಿಗೆ. ನಾವಿದ್ದದ್ದು ಸರ್ಕಾರಿ ಕ್ವಾರ್ಟರ್ಸಿನ ಮೂರನೇ ಮಹಡಿಯಲ್ಲಿ. ಲಿಫ್ಟ್ ಇರಲಿಲ್ಲ. ಅಂಗಳದಲ್ಲಿ ದೊಡ್ಡದೊಂದು ಛಾತಿಮ್ ಮರ ಇತ್ತು. ಅನುಷಾಗೆ ಆಗ ಒಂಬತ್ತು, ಚಿಕ್ಕವಳು ಇರಾಗೆ ಮೂರು. ಎರಡೂ ಹೆರಿಗೆ ನನ್ನ ಹೊಟ್ಟೆ ಕೊಯ್ದೇ ಆಗಿದ್ದವು. ಮೂರನೆಯದು ಬೇಡ ಎಂಬುದರಲ್ಲಿ ಇಬ್ಬರಿಗೂ ಅನುಮಾನವಿರಲಿಲ್ಲ. ಆದರೆ ಬೇಡವೆಂದುಕೊಳ್ಳುವುದು ಇಬ್ಬರ ಪಾಲಿಗೆ, ಆಗದಂತೆ ನೋಡಿಕೊಳ್ಳುವುದು ನನ್ನೊಬ್ಬಳ ಪಾಲಿಗೆ.

ಮೊದಲು ಮಾತ್ರೆ. ಅನುಷಾ ಹುಟ್ಟಿದ ಮೇಲೆ ಎರಡು ವರ್ಷ ನುಂಗಿದೆ. ಕರಿಹಲಗೆಯ ಮುಂದೆ ನಿಂತಾಗ ಕಣ್ಣಿನ ಅಂಚಿನಲ್ಲಿ ಬೆಳಕು ಮಿಂಚಿ, ಆಮೇಲೆ ಅರ್ಧ ತಲೆ ಸಿಡಿಯುತ್ತಿತ್ತು. ಅಂಥ ತಲೆನೋವಿದ್ದವರು ಆ ಮಾತ್ರೆ ತೆಗೆದುಕೊಳ್ಳಲೇಬಾರದು ಎಂದು ಡಾಕ್ಟರು ನಿಲ್ಲಿಸಿದರು. ಇರಾ ಹುಟ್ಟಿದ ಮೇಲೆ ಕಾಪರ್-ಟಿ. ಅದನ್ನು ಹಾಕಿಸಿಕೊಂಡು ಹತ್ತು ವರ್ಷ ಮರೆತೇಬಿಟ್ಟವರನ್ನು ನಾನು ಬಲ್ಲೆ, ನನ್ನ ತಂಗಿಯೇ ಇದ್ದಾಳೆ. ನನ್ನ ಮೈಗೆ ಮಾತ್ರ ಅದು ಒಗ್ಗಲಿಲ್ಲ. ತಿಂಗಳಿಗೆ ಒಂಬತ್ತು ಹತ್ತು ದಿನ ಸ್ರಾವ, ಮೂರು ಮಹಡಿ ಹತ್ತುವಾಗ ಎರಡು ಕಡೆ ಕೂತು ಏದುಸಿರು. ಅದನ್ನು ತೆಗೆಸಿ ಮೂರು ತಿಂಗಳಿಗೊಮ್ಮೆಯ ಚುಚ್ಚುಮದ್ದು ಹಾಕಿಸಿಕೊಂಡೆ. ಯಾವ ದಿನ ಕಲೆಯಾಗುತ್ತದೋ ತಿಳಿಯದೆ ಕ್ಯಾಲೆಂಡರನ್ನೇ ಗೋಡೆಯಿಂದ ಇಳಿಸಿಟ್ಟೆ. ಕೊನೆಗೆ ನಿರೋಧ್. ಅದೊಂದು ಮಾತ್ರ ಅವರ ಪಾಲಿನದು. ಅದೂ ಒಮ್ಮೆ ಹರಿಯಿತು. ಮರುದಿನ ಬೆಳಿಗ್ಗೆ ಔಷಧಿ ಅಂಗಡಿಗೆ ಓಡಿ ತುರ್ತು ಮಾತ್ರೆ ತಂದು ನುಂಗಿದವಳು ನಾನೇ, ಆಮೇಲೆ ಹನ್ನೆರಡು ದಿನ ಹೊಟ್ಟೆ ಮುಟ್ಟಿ ಮುಟ್ಟಿ ನೋಡಿಕೊಂಡವಳೂ ನಾನೇ.

ಇದೆಲ್ಲ ನಡೆಯುವಾಗ ಸದಾನಂದ ಕೆಟ್ಟವರಾಗಿರಲಿಲ್ಲ. ಬಿಸಿನೀರಿನ ಚೀಲ ತಂದುಕೊಡುತ್ತಿದ್ದರು, ಮಕ್ಕಳ ಜಡೆ ಹೆಣೆಯುತ್ತಿದ್ದರು. "ಮುಂದೇನ್ರಿ?" ಎಂದು ಕೇಳಿದರೆ ಮಾತ್ರ ಒಂದೇ ಉತ್ತರ, "ನೋಡುವ." ಕರಾವಳಿಯ ಈ 'ನೋಡುವ' ಎಂಬ ಮಾತಿನಲ್ಲಿ ಎಷ್ಟು ಕಾಲ ಬೇಕಾದರೂ ಬದುಕಬಹುದು ಎಂದು ನನಗೆ ತಿಳಿದದ್ದು ಮದುವೆಯಾದ ಮೇಲೆ.

ಆ ವರ್ಷ ಜುಲೈನಲ್ಲಿ, ಧಾರಾಕಾರ ಮಳೆ ಸುರಿದು ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತಿದ್ದಾಗ, ಇಬ್ಬರೂ ಡಾಕ್ಟರಮ್ಮನ ಮುಂದೆ ಕೂತಿದ್ದೆವು. ಬಂಗಾಳಿ ಹೆಂಗಸು, ಅರವತ್ತರ ಹತ್ತಿರ, ಹಿಂದಿಯಲ್ಲಿ ಮಾತಾಡುತ್ತಿದ್ದರು. ನಾನು, "ನನ್ನದೇ ಆಪರೇಷನ್ ಮಾಡಿ ಮುಗಿಸಿಬಿಡಿ" ಎಂದೆ. ಅವರು ಚೀಟಿಯ ಹಿಂಬದಿಯಲ್ಲಿ ಎರಡು ಚಿತ್ರ ಬರೆದರು. ಒಂದು ಹೆಂಗಸಿನದು, ಒಂದು ಗಂಡಸಿನದು.

"ನಿಮ್ಮ ನಳಿಕೆಗಳು ಹೊಟ್ಟೆಯ ಒಳಗಿವೆ. ಈಗಾಗಲೇ ಎರಡು ಸಲ ಕೊಯ್ದ ಹೊಟ್ಟೆ. ಒಳಗೆ ಏನೇನು ಅಂಟಿಕೊಂಡಿದೆಯೋ ತೆರೆದ ಮೇಲೇ ಗೊತ್ತಾಗುವುದು. ಅರಿವಳಿಕೆ ಬೇಕು. ರಕ್ತ ಕಡಿಮೆ ಇದೆ, ಮೊದಲು ಅದು ಏರಬೇಕು. ಮಾಡಲಾಗದು ಎಂದೇನಲ್ಲ, ಮಾಡಬಹುದು" ಎಂದು ಹೇಳಿ ಪೆನ್ನನ್ನು ಇನ್ನೊಂದು ಚಿತ್ರಕ್ಕೆ ಸರಿಸಿದರು. "ಇವರದು ಚರ್ಮದ ಕೆಳಗೇ ಇದೆ. ಅಷ್ಟು ಜಾಗ ಮಾತ್ರ ಮರಗಟ್ಟಿಸಿ, ಸಣ್ಣದೊಂದು ತೂತು ಮಾಡಿ, ಅರ್ಧ ಗಂಟೆಯೊಳಗೆ ಮುಗಿಸುತ್ತಾರೆ. ಅವತ್ತೇ ಮನೆಗೆ. ಎರಡೂ ಬಾಗಿಲು ಮುಚ್ಚುವ ಕೆಲಸವೇ. ಮತ್ತೆ ತೆರೆದುಕೊಳ್ಳುತ್ತದೆ ಎಂದುಕೊಂಡು ಯಾರೂ ಮಾಡಿಸಿಕೊಳ್ಳಬಾರದು. ಇವರದಕ್ಕೆ ಒಂದು ತಕರಾರಿದೆ. ಕೂಡಲೇ ಫಲ ಕೊಡುವುದಿಲ್ಲ. ಮೂರು ತಿಂಗಳು ಬೇರೆ ಎಚ್ಚರಿಕೆ ಬೇಕು, ಆಮೇಲೆ ಪರೀಕ್ಷೆ ಮಾಡಿಸಿ ಖಚಿತ ಮಾಡಿಕೊಳ್ಳಬೇಕು."

ನನ್ನನ್ನು ಬಿಟ್ಟು ಅವರನ್ನೇ ನೋಡುತ್ತ ಕೇಳಿದರು, "ನೀವೇನು ಹೇಳುತ್ತೀರಿ?"

ಸದಾನಂದ ತಲೆ ಎತ್ತಿ ಫ್ಯಾನ್ ನೋಡಿದರು. ಅದು ನಿಂತಿತ್ತೆಂದು ನನಗೆ ಚೆನ್ನಾಗಿ ನೆನಪಿದೆ, ಮಳೆಗೆ ಕರೆಂಟು ಹೋಗಿತ್ತು. ತಿರುಗದ ಫ್ಯಾನನ್ನು ಅಷ್ಟು ಹೊತ್ತು ನೋಡಿ, "ನೋಡುವ" ಎಂಬುದನ್ನು ಹಿಂದಿಯಲ್ಲಿ ಹೇಳಿದರು. ನಾನು ಛತ್ರಿ ಬಿಚ್ಚದೆ ನೀರಿನಲ್ಲಿ ನಡೆದುಕೊಂಡು ಮನೆಗೆ ಬಂದೆ.

ಆಟಿ ಅಮಾವಾಸ್ಯೆ ಬಂದದ್ದು ಆಮೇಲೆ. ನಮ್ಮ ಧಾರವಾಡದ ಕಡೆ ಅದು ನಾಗರ ಅಮಾವಾಸ್ಯೆ. ತುಳುನಾಡಿನವರಿಗೆ ಕಷಾಯದ ದಿನ. ಸೂರ್ಯ ಹುಟ್ಟುವ ಮೊದಲು ಗಂಡಸರು ಹಾಲೆ ಮರದ ಹತ್ತಿರ ಹೋಗಿ, ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯುತ್ತಾರೆ. ಅದನ್ನು ಬೆಳ್ಳುಳ್ಳಿ, ಮೆಣಸು, ಓಮದ ಜೊತೆ ಅರೆದು, ಹಿಂಡಿ, ಕಾದ ಬಿಳಿ ಕಲ್ಲನ್ನು ಚುಂಯ್ ಎಂದು ಅದರಲ್ಲಿ ಅದ್ದಿ, ಖಾಲಿ ಹೊಟ್ಟೆಯಲ್ಲಿ ಮನೆಯವರೆಲ್ಲ ಕುಡಿಯಬೇಕು. ವರ್ಷದ ಕಾಯಿಲೆ ಹತ್ತಿರ ಸುಳಿಯುವುದಿಲ್ಲವೆಂದು ನಂಬಿಕೆ. ಕಹಿಯೆಂದರೆ ನಾಲಿಗೆ ಬೇರೆಯವರದ್ದು ಅನ್ನಿಸುವಷ್ಟು ಕಹಿ. ಆಮೇಲೆ ತಂಪಿಗೆ ಮೆಂತೆ ಗಂಜಿ. ಕಲ್ಕತ್ತೆಯ ಛಾತಿಮ್ ಮತ್ತು ತಮ್ಮೂರಿನ ಹಾಲೆ ಒಂದೇ ಮರ ಎಂದು ಕಂಡುಹಿಡಿದ ದಿನ ಸದಾನಂದ ಹೊಸ ದೇಶ ಸಿಕ್ಕವರಂತೆ ಕುಣಿದಿದ್ದರು. ಅಲ್ಲಿಂದ ಪ್ರತಿವರ್ಷ ನಸುಕಿನಲ್ಲಿ ಕಲ್ಲು ಹಿಡಿದು ಅಂಗಳಕ್ಕೆ ಇಳಿಯುತ್ತಿದ್ದರು. ಊರಿನಿಂದ ಅತ್ತೆಯ ಫೋನು ಹಿಂದಿನ ದಿನವೇ ಬರುತ್ತಿತ್ತು, "ಕಾಸರಕದ ಮರ ಅಲ್ಲ ಅಲ್ವಾ, ಸರಿ ನೋಡಿ ತೆಗಿ ಮಾರಾಯ." ಕಾಸರಕ ವಿಷ, ಕತ್ತಲಲ್ಲಿ ಮರ ತಪ್ಪಿ ಮನೆಮಂದಿಯನ್ನೆಲ್ಲ ಆಸ್ಪತ್ರೆಗೆ ಸೇರಿಸಿದವರ ಕಥೆ ಆ ಕಡೆ ಬೇಕಾದಷ್ಟಿದೆ.

ಆ ಬೆಳಿಗ್ಗೆ ನಾಲ್ಕು ಸ್ಟೀಲ್ ಲೋಟ ಸಾಲಾಗಿಟ್ಟು ಹಂಚಿದರು. ಮಕ್ಕಳಿಗೆ ಒಂದೊಂದು ಗುಟುಕು, ನಮಗೆ ಅರ್ಧರ್ಧ ಲೋಟ. ಮಕ್ಕಳು ಮೂಗು ಹಿಡಿದು ನುಂಗಿ ಬೆಲ್ಲ ಬಾಯಿಗೆ ಹಾಕಿಕೊಂಡರು. ನಾನು ಲೋಟವನ್ನು ಅವರ ಮುಂದಕ್ಕೆ ತಳ್ಳಿದೆ.

"ಈ ಸರ್ತಿ ನಾ ಕುಡಿಯಂಗಿಲ್ರಿ."

"ಎಂತ ಆಯ್ತು ನಿಂಗೆ? ಮನೆಯಲ್ಲಿ ಎಲ್ಲರೂ ಕುಡಿಬೇಕು. ಒಬ್ರು ಬಿಟ್ರೆ ಆಗುದಿಲ್ಲ."

"ಹೌದಲ್ರಿ? ಎಲ್ಲಾರೂ ಕುಡೀಬೇಕಲ್ಲ? ಎಂಟೊಂಬತ್ತ ವರ್ಷ ಆತು, ಆ ಇನ್ನೊಂದ ಕಹಿ ಈ ಮನ್ಯಾಗ ನಾ ಒಬ್ಬಾಕಿನ ಕುಡಿಯಾಕತ್ತೀನಿ. ಮಾತ್ರಿ ಕುಡದೆ, ತಾಮ್ರ ಇಟ್ಕೊಂಡೆ, ಸೂಜಿ ಚುಚ್ಚಿಸ್ಕೊಂಡೆ. ನೀವು ಬೆಲ್ಲ ಹಿಡ್ಕೊಂಡು ಬಾಜೂಕ ನಿಂತ್ರಿ. ಈಗ ಹೊಟ್ಟಿ ಮತ್ತೊಮ್ಮೆ ಕೊಯ್ಸಿಕೊ ಅಂತೀರಿ."

"ನಾನು ಹಾಗೆ ಹೇಳ್ಲಿಲ್ಲ."

"ಬ್ಯಾರೇನೂ ಹೇಳ್ಲಿಲ್ಲಲ್ಲ. ಅದಕ್ಕ ನಾ ಹೇಳ್ತೀನಿ. ಈ ಹೊಟ್ಟಿ ಇನ್ನ ಯಾರೂ ಕೊಯ್ಯಂಗಿಲ್ಲ. ನಿಮಗ ಬ್ಯಾಡ ಅಂದ್ರ ಬ್ಯಾಡ, ನಾ ಒತ್ತಾಯ ಮಾಡಂಗಿಲ್ಲ. ಆದ್ರ ನನ್ನ ಹಾಸಿಗಿ ಇವತ್ತಿಂದ ಮಕ್ಕಳ ಖೋಲ್ಯಾಗ."

ಅವರು ತಮ್ಮ ಲೋಟ ಕುಡಿದರು. ಆಮೇಲೆ ನನ್ನದನ್ನೂ ತೆಗೆದುಕೊಂಡು, ಕಣ್ಣು ಮುಚ್ಚಿ, ಒಂದೇ ಗುಟುಕಿಗೆ ಕುಡಿದರು. ಅದು ಒಪ್ಪಿಗೆಯೋ ಬರೀ ಜಗಳ ತಪ್ಪಿಸುವ ಉಪಾಯವೋ ನನಗೆ ಅವತ್ತು ತಿಳಿಯಲಿಲ್ಲ. ಹತ್ತು ಗಂಟೆಯೊಳಗೆ ಹೊಟ್ಟೆ ಕೆಟ್ಟು ಅವರು ಕಚೇರಿಗೆ ಹೋಗಲಿಲ್ಲ.

ಎರಡು ವಾರದ ಮೇಲೆ ಒಂದು ಚೀಟಿಯಲ್ಲಿ ಮೂರು ಪ್ರಶ್ನೆ ಬರೆದುಕೊಂಡು ಅವರೇ ಡಾಕ್ಟರಮ್ಮನ ಹತ್ತಿರ ಹೊರಟರು. ನಾನು ಜೊತೆಗಿದ್ದೆ. ಗಂಡಸುತನ ಹೋಗುತ್ತದಾ, ನಿತ್ರಾಣವಾಗುತ್ತದಾ, ಭಾರ ಎತ್ತಲು ಬರುತ್ತದಾ. ಆಕೆ ನಗಲಿಲ್ಲ. ಒಂದೊಂದಕ್ಕೂ ಸಮಾಧಾನವಾಗಿ ಉತ್ತರಿಸಿದರು. ಬೀಜದ ದಾರಿ ಮಾತ್ರ ಕಟ್ಟುವುದು, ಉಳಿದದ್ದೆಲ್ಲ ಇದ್ದಂತೆಯೇ ಇರುತ್ತದೆ. ಎರಡು ದಿನ ವಿಶ್ರಾಂತಿ, ಒಂದು ವಾರ ಭಾರ ಎತ್ತುವಂತಿಲ್ಲ. "ಅದಾದ ಮೇಲೆ ಹೌರಾ ಸೇತುವೆ ಎತ್ತಿ, ಯಾರು ಬೇಡ ಅಂದರು?" ಎಂದರು. ಅಷ್ಟಾದರೂ ನನ್ನ ಗಂಡ ಕಲ್ಕತ್ತೆಯ ಕೊನೆಯ ಅಸ್ತ್ರ ಬಿಟ್ಟರು, "ಪುಜೊರ್ ಪೊರೆ." ಪೂಜೆ ಆದ ಮೇಲೆ ಎಂದರ್ಥ. ಆಗಸ್ಟ್ ತಿಂಗಳಿಂದಲೇ ಆ ಊರಿನಲ್ಲಿ ನಲ್ಲಿ ರಿಪೇರಿಯವನಿಂದ ಹಿಡಿದು ಕಚೇರಿಯ ದೊಡ್ಡ ಸಾಹೇಬನವರೆಗೆ ಎಲ್ಲರೂ ಹೇಳುವ ಮಾತು. "ಪೂಜಾಕ್ಕಿಂತ ಮೊದಲ" ಎಂದೆ ನಾನು. ಮಹಾಲಯ ಅಮಾವಾಸ್ಯೆ ಕಳೆದ ಎರಡನೇ ದಿನಕ್ಕೆ ಆಪರೇಷನ್ ಎಂದು ನಿಗದಿಯಾಯಿತು.

ಆಸ್ಪತ್ರೆಯ ಆ ವಿಭಾಗದಲ್ಲಿ ಬೆಂಚಿನ ತುಂಬ ಹೆಂಗಸರು. ಗಂಡಸರು ಗೋಡೆಗೆ ಒರಗಿ ಫೋನ್ ನೋಡುತ್ತಿದ್ದರು, ಹೆಂಡತಿಯನ್ನು ಕರೆದುಕೊಂಡು ಬಂದವರು. ನರ್ಸ್ ರಿಜಿಸ್ಟರ್ ತೆರೆದು ಕೇಳದೆಯೇ ನನ್ನ ಹೆಸರು ಬರೆಯತೊಡಗಿದಳು. "ನಾನಲ್ಲ, ಅವರು" ಎಂದೆ. ಅವಳು ಬರೆದದ್ದನ್ನು ಹೊಡೆದುಹಾಕಿ, ಕನ್ನಡಕ ಸರಿಮಾಡಿಕೊಂಡು ಸದಾನಂದರನ್ನು ಪರೀಕ್ಷೆಯ ಹೊತ್ತಿನ ಹುಡುಗನನ್ನು ನೋಡಿದ ಹಾಗೆ ನೋಡಿ, ಒಳ್ಳೆಯದು ಎಂಬಂತೆ ತಲೆದೂಗಿದಳು. ಬೆಂಚಿನ ಮೇಲಿನ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಆ ಕ್ಷಣದಲ್ಲಿ ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಒಳಗೆ ಹೋದವರು ಇಪ್ಪತ್ತೈದು ನಿಮಿಷಕ್ಕೆ ಹೊರಬಂದರು. ಚೂರು ಬೆಳ್ಳಗಾಗಿದ್ದರು. "ಇಷ್ಟೇಯಾ?" ಎಂದರು. ನಾನು ಔಷಧಿ ತರಲು ಕೆಳಗೆ ಹೋದಾಗ ಅವರಿಗೆ ಫೋನು ಬಂದಿದೆ. ಅತ್ತೆ. ಹಿಂದೆ ಗಲಾಟೆ ಕೇಳಿ, ಎಲ್ಲಿದ್ದೀ ಎಂದಿದ್ದಾರೆ. ಇವರು ಆಸ್ಪತ್ರೆ ಎಂದಿದ್ದಾರೆ. ಯಾರಿಗೆ ಏನಾಯಿತು ಎಂದು ಅತ್ತೆ ಕೇಳಿದ್ದಾರೆ. ನಲವತ್ತು ವರ್ಷದ ಗಂಡಸು, ನಕಾಶೆಯಲ್ಲಿ ಕೂದಲೆಳೆಯಷ್ಟು ತಪ್ಪನ್ನೂ ಸಹಿಸದವರು, ಹೇಳಿದ್ದಾರೆ, "ರೇಣುಕಾಳಿಗೆ. ಮಕ್ಕಳಾಗದ ಆಪರೇಷನ್."

ಟ್ಯಾಕ್ಸಿಯಲ್ಲಿ ಇದನ್ನು ಹೇಳುವಾಗ ಕಿಟಕಿಯ ಹೊರಗೆ ನೋಡುತ್ತಿದ್ದರು. "ಅಮ್ಮ ಹೆದರ್ತಾರೆ ಅಂತ. ಆಮೇಲೆ ಹೇಳುವ." ಕಚೇರಿಯ ರಜಾ ಅರ್ಜಿಯಲ್ಲೂ ಪತ್ನಿಯ ಶಸ್ತ್ರಚಿಕಿತ್ಸೆ ಎಂದೇ ಬರೆದಿದ್ದಾರೆಂದು ಆಗಲೇ ತಿಳಿಯಿತು. ನಾನು ಕೂಗಾಡಬೇಕಿತ್ತು. ಕೂಗಾಡಲಿಲ್ಲ. ನೋವು ತಿಂದು ಬಂದಿದ್ದಾರೆ, ಒಂದು ಸುಳ್ಳಿನ ಹೊದಿಕೆ ಇರಲಿ ಎಂದುಕೊಂಡೆ. ನನ್ನ ಜೀವನದಲ್ಲಿ ನಾನು ಮಾಡಿದ ದೊಡ್ಡ ತಪ್ಪುಗಳಲ್ಲಿ ಅದೂ ಒಂದು.

ಅತ್ತೆಗೆ ಫೋನಿನಲ್ಲಿ ವಿಚಾರಿಸಿ ಸುಮ್ಮನಿರುವುದು ಗೊತ್ತಿಲ್ಲ. ಊರಿನಲ್ಲಿದ್ದ ನನ್ನ ಭಾವನಿಗೆ ಹೇಳಿ ತತ್ಕಾಲ್ ಟಿಕೆಟ್ ಮಾಡಿಸಿ, ಮರುದಿನವೇ ಹೊರಟು, ಚೆನ್ನೈಯಲ್ಲಿ ಗಾಡಿ ಬದಲಿಸಿ, ಪಂಚಮಿಯ ದಿನ ಹೌರಾದಲ್ಲಿ ಇಳಿದೇಬಿಟ್ಟರು. ಅರವತ್ತೆಂಟು ವಯಸ್ಸು, ಹಿಂದಿ ಒಂದಕ್ಷರ ಬಾರದು. ಜೊತೆಗೆ ಇಪ್ಪತ್ತು ಕಿಲೋ ಕುಚ್ಚಿಲಕ್ಕಿಯ ಚೀಲ, ಹನ್ನೆರಡು ತೆಂಗಿನಕಾಯಿ, ಬಾಣಂತಿಗೆ ಮಾಡುವಂಥ ಲೇಹ್ಯದ ಡಬ್ಬಿ. ಆಪರೇಷನ್ ಆದವಳಿಗೆ ಇಲ್ಲಿಯ ಬೆಳ್ತಿಗೆ ಅಕ್ಕಿಯ ಬಿಳಿ ಅನ್ನ ಸಾಗದಂತೆ.

ಕರೆತರಲು ಹೋದವರು ಸದಾನಂದ. ಆಪರೇಷನ್ ಆಗಿ ಮೂರನೇ ದಿನ. ಪೂಜೆಯ ಜನಸಂದಣಿಯಲ್ಲಿ ಕೂಲಿ ಬೇಗ ಸಿಕ್ಕಲಿಲ್ಲವಂತೆ, ಕೊನೆಗೆ ಸಿಕ್ಕವನ ಜೊತೆ ಅತ್ತೆ ಜಗಳವಾಡಿ ಓಡಿಸಿದರಂತೆ. "ನನ್ನ ಮಗ ಇದ್ದಾನೆ, ನೀನ್ಯಾಕೆ?" ಮಗ ಇದ್ದ. ಆ ಚೀಲವನ್ನು ಪ್ಲಾಟ್‌ಫಾರ್ಮಿನಿಂದ ಟ್ಯಾಕ್ಸಿಗೆ, ಟ್ಯಾಕ್ಸಿಯಿಂದ ಮೂರನೇ ಮಹಡಿಗೆ ಹೊತ್ತ. ಬಾಗಿಲು ತೆರೆದಾಗ ಅವರ ಹಣೆಯಿಂದ ಬೆವರು ಹನಿಯುತ್ತಿತ್ತು, ತುಟಿ ಕಚ್ಚಿಕೊಂಡಿದ್ದರು. ನಾನು ಚೀಲಕ್ಕೆ ಕೈ ಹಾಕಿದೆ. ಹಿಂದಿನಿಂದ ಅತ್ತೆ ಗದರಿದರು, "ನೀನು ಮುಟ್ಲಿಕ್ಕಿಲ್ಲ. ಹೋಗಿ ಮಲಕ್ಕೊ ಮಾರಾಯ್ತಿ, ಹೊಲಿಗೆ ಬಿಟ್ಟೀತು."

ಹೀಗೆ ನಾನು ಮಲಗಿದೆ. ನನ್ನ ಗಟ್ಟಿ ಮೈಯನ್ನು ಹಾಸಿಗೆಗೆ ಹಾಕಿ, ಇಲ್ಲದ ಹೊಲಿಗೆಯನ್ನು ಕಾಪಾಡಿಕೊಳ್ಳುತ್ತ, ಹೊರಗೆ ಪೂಜೆಯ ಡೋಲು ಢಾಕ್ ಬಡಿಯುವುದನ್ನು ಕೇಳುತ್ತ ಎರಡು ದಿನ ಮಲಗಿದೆ. ಅತ್ತೆ ಮೆಂತೆ ಗಂಜಿ ಬಾಯಿಗೆ ಹಿಡಿದರು. ಬೇಡವೆಂದರೂ ಕಾಲು ತಿಕ್ಕಿದರು. ನಾಚಿಕೆಯಿಂದ ನಾನು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದೆ. ಆ ಕಡೆ ಮಗನಿಗೆ ಒಂದರ ಹಿಂದೆ ಒಂದು ಕೆಲಸ. ತೆಂಗಿನಕಾಯಿ ಸುಲಿ, ಮೇಲಿನ ಪಾತ್ರೆ ಇಳಿಸು, ಇರಾಳನ್ನು ಎತ್ತಿಕೊಂಡು ಪೆಂಡಾಲ್ ತೋರಿಸಿಕೊಂಡು ಬಾ. "ಹೆಂಡತಿ ಮಲಗಿದ್ದಾಗ ಗಂಡಸು ಕೂತ್ಕೊಳ್ಳುದಾ?" ಎನ್ನುತ್ತಿದ್ದರು. ಅವರು ಕೂರಲೂ ಆಗದೆ ನಿಲ್ಲಲೂ ಆಗದೆ ಓಡಾಡುತ್ತಿದ್ದರು. ನನ್ನ ಹತ್ತಿರ ಬಂದರೆ ಇಬ್ಬರೂ ಗುಸುಗುಸು ಜಗಳ. "ಹೇಳ್ರಿ." "ನಾಳೆ." ಬಾಲ್ಕನಿಯಿಂದ ಛಾತಿಮ್ ಹೂವಿನ ಘಾಟು ಒಳಗೆ ನುಗ್ಗುತ್ತಿತ್ತು. ಅತ್ತೆ ಮೊದಲ ದಿನವೇ ಮರದ ಗುರುತು ಹಿಡಿದು, "ಹಾಲೆ ಉಂಟಲ್ಲ ಇಲ್ಲಿ. ಬಚಾವ್" ಎಂದಿದ್ದರು.

ಸಪ್ತಮಿಯ ಬೆಳಿಗ್ಗೆ ಅತ್ತೆ ಲೇಹ್ಯ ತಿನ್ನಿಸಲು ಬಂದರು. "ಸದಾನಂದ, ಅವಳನ್ನು ಎತ್ತಿ ಕೂರಿಸು. ಅವಳು ಹೊಟ್ಟೆಗೆ ಬಲ ಹಾಕ್ಲಿಕ್ಕಿಲ್ಲ." ಅವರು ಬಗ್ಗಿ ನನ್ನ ಕಂಕುಳಿಗೆ ಕೈಹಾಕಿದರು. ಬಾಯಿಂದ ಒಂದು ಸದ್ದು ಬಂತು. ನರಳುವುದನ್ನು ಅರ್ಧಕ್ಕೆ ನುಂಗಿದ ಸದ್ದು. ಹಾಗೇ ಮಂಚದ ಅಂಚು ಹಿಡಿದು ಕೂತುಬಿಟ್ಟರು. ಮುಖ ಬೂದಿಯಾಗಿತ್ತು.

ನಾನು ಹೊದಿಕೆ ಒದ್ದು ಎದ್ದು ನಿಂತೆ. "ಅತ್ತೀ, ನನಗ ಏನೂ ಆಗಿಲ್ರಿ. ಆಪರೇಷನ್ ಆಗಿದ್ದು ನಿಮ್ಮ ಮಗಗ."

ಅತ್ತೆ ನನ್ನನ್ನು ನೋಡಿದರು, ಮಗನನ್ನು ನೋಡಿದರು. ಲೇಹ್ಯದ ಚಮಚವನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ತಿರುಗಿಸಿ ಬಾಲ್ಕನಿಗೆ ಹೋಗಿ ಕೂತರು. ನಾನು ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಪೂಜೆಗೆ ಊರಿಗೆ ಹೋಗಿದ್ದರೂ ಎತ್ತಿಕೊಂಡರು. ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದವರಿಗೆ ತೋರಿಸಲು ಹೇಳಿದರು. ಒಳಗೆ ರಕ್ತ ಕಟ್ಟಿ ಊದಿತ್ತು. ಹೆದರುವಂಥದ್ದಲ್ಲ, ತಾನಾಗಿ ಕರಗುತ್ತದೆ, ಆದರೆ ಮೂರು ವಾರ ಒಂದು ಬಕೆಟ್ ನೀರೂ ಎತ್ತಬಾರದು ಎಂದರು. ಆಪರೇಷನ್‌ನಿಂದ ಆದದ್ದಲ್ಲ ಅದು, ಅಕ್ಕಿಚೀಲದಿಂದ ಆದದ್ದು.

ಅತ್ತೆ ಅಷ್ಟಮಿಯ ಮಧ್ಯಾಹ್ನದವರೆಗೆ ಬಾಯಿ ಬಿಡಲಿಲ್ಲ. ನನ್ನ ಮೇಲೆ ಕೋಪವೆಂದುಕೊಂಡೆ. ಬರಲಿ, ನನ್ನ ಹತ್ತಿರವೂ ಉತ್ತರ ಸಿದ್ಧವಿತ್ತು. ಊಟ ಬಡಿಸಿ, ಮಕ್ಕಳು ಪೆಂಡಾಲಿಗೆ ಹೋದ ಮೇಲೆ, ಅವರೇ ಮಾತು ತೆಗೆದರು. ಮಗನಿಗೆ.

"ನಿನ್ನ ತಂಗಿ ಹುಟ್ಟಿದ ಮೇಲೆ ನನ್ನದು ಆಪರೇಷನ್ ಆಯ್ತು. ಶಾಲೆಯಲ್ಲಿ ಕ್ಯಾಂಪ್ ಹಾಕಿದ್ರು. ಬೆಂಚಿನ ಮೇಲೆ ಸಾಲಾಗಿ ಮಲಗ್ಸಿದ್ರು ನಮ್ಮನ್ನು. ಎಂಟನೇ ದಿನಕ್ಕೆ ಭತ್ತ ಬೇಯಿಸ್ಲಿಕ್ಕೆ ಇತ್ತು. ಹಂಡೆ ಇಳಿಸುವಾಗ ಹೊಲಿಗೆ ಬಿಟ್ಟಿತು. ಇವತ್ತಿಗೂ ಸೊಂಟಕ್ಕೆ ಬಟ್ಟೆ ಬಿಗಿದು ಕಟ್ಟದಿದ್ರೆ ಹೊಟ್ಟೆ ಜಾರ್ತದೆ ನಂಗೆ. ನಿನ್ನ ಅಪ್ಪ ಒಳ್ಳೆಯವ್ರೇ. ಅವರಿಗೆ ಯಾರೂ ಕೇಳ್ಲಿಲ್ಲ, ನೀವು ಮಾಡಿಸ್ಕೊಳ್ತೀರಾ ಅಂತ. ನಂಗೂ ಕೇಳ್ಲಿಲ್ಲ."

"ಅಮ್ಮ, ನಾನು..."

"ಮಾತಾಡ್ಬೇಡ. ನೀನು ಮಾಡಿಸ್ಕೊಂಡದ್ದಕ್ಕೆ ನಂಗೆ ಬೇಸರ ಇಲ್ಲ. ನಿನ್ನೆ ಬೇಸರ ಆಯ್ತು, ಸುಳ್ಳಲ್ಲ, ನನ್ನ ಮಗ ಅಲ್ವಾ. ಈಗ ಇಲ್ಲ. ಆದ್ರೆ ಕಷಾಯ ಕುಡಿದದ್ದು ನೀನು, ಮುಖ ಕಿವುಚ್ಲಿಕ್ಕೆ ಅವಳಾ? ಅವಳನ್ನು ಮಲಗ್ಸಿ ನನ್ನ ಕೈಯಲ್ಲಿ ಕಾಲು ತಿಕ್ಕಿಸಿದಿ. ನಾಚಿಕೆ ಆಗ್ಬೇಕು ನಿಂಗೆ." ನನ್ನ ಕಡೆ ತಿರುಗಿದರು. "ನೀನೂ ಸುಮ್ಮನೆ ಮಲಗಿದಿ."

ಹೌದು ಎಂದೆ.

"ಇನ್ನು ಊರಿಗೆಲ್ಲ ಹೇಳುವವನು ಅವನೇ. ಅವನ ಬಾಯಲ್ಲಿ ಬರ್ಬೇಕು. ನಾನು ಹೇಳುದಿಲ್ಲ, ನೀನೂ ಹೇಳ್ಲಿಕ್ಕಿಲ್ಲ."

ಸುಮ್ಮನಿರುವುದು ನನಗೆ ಬರುವ ವಿದ್ಯೆಯಲ್ಲ. ಆದರೂ ಆ ಮುದುಕಿಗೆ ಮಾತು ಕೊಟ್ಟೆ. ನನಗೆ ಬೇಕಿದ್ದದ್ದೂ ಅದೇ ಎಂದು ಅವರು ಹೇಳಿದ ಮೇಲೆ ನನಗೆ ಗೊತ್ತಾಯಿತು. ಆಪರೇಷನ್ ಆದದ್ದು ಅರ್ಧ ಕೆಲಸ. ಇನ್ನರ್ಧ, ನಾಲ್ಕು ಜನರೆದುರು ಇದು ನನ್ನದು ಎನ್ನುವುದು. ಅದನ್ನು ಸದಾನಂದ ಹೇಳದಿದ್ದರೆ, ಅವರ ನೋವಿನ ಹೆಸರು ಹೊತ್ತು ಓಡಾಡುವವಳೂ ನಾನೇ ಆಗುತ್ತಿದ್ದೆ.

ಜನವರಿಯಲ್ಲಿ, ಸರಸ್ವತಿ ಪೂಜೆಯ ಹಿಂದಿನ ವಾರ, ಪರೀಕ್ಷೆಯ ಕಾಗದ ಬಂತು. ಬೀಜ ಒಂದೂ ಕಂಡುಬಂದಿಲ್ಲ ಎಂದು ಬರೆದಿತ್ತು. ಅಲ್ಲಿಯವರೆಗೆ ಡಾಕ್ಟರಮ್ಮ ಹೇಳಿದ ಎಚ್ಚರಿಕೆ ಬಿಡಲಿಲ್ಲ. ಅನಂತರ ಗೋಡೆಗೆ ಹೊಸ ಕ್ಯಾಲೆಂಡರ್ ತಂದು ಹಾಕಿದೆ, ಬರೀ ಹಬ್ಬ ನೋಡುವುದಕ್ಕೆ. ಆದರೆ ನನ್ನ ಮಟ್ಟಿಗೆ ಆ ವರ್ಷ ಮುಗಿದದ್ದು ಜನವರಿಯಲ್ಲಲ್ಲ, ದಶಮಿಯಾದ ಮೊದಲ ಭಾನುವಾರ.

ವಿಜಯದಶಮಿಯ ನಂತರ ಬಂಗಾಳಿಗಳು ಮನೆಮನೆಗೆ ಹೋಗಿ ಸಿಹಿ ಹಂಚುತ್ತಾರೆ. ಅದನ್ನು ನೋಡಿ ನೋಡಿ ಅಲ್ಲಿಯ ನಮ್ಮ ಕನ್ನಡದ ಮನೆಗಳೂ ಒಂದು ಊಟ ಇಟ್ಟುಕೊಂಡಿದ್ದವು. ಬಾಡಿಗೆಗೆ ಹಿಡಿದ ಹಾಲ್, ಎಪ್ಪತ್ತು ಎಂಬತ್ತು ಜನ. ಅವತ್ತು ಗಂಡಸರೇ ಅಡುಗೆ ಮಾಡಿ ಬಡಿಸಬೇಕು, ಹೆಂಗಸರು ಮೊದಲ ಪಂಕ್ತಿಗೆ ಕೂರಬೇಕು ಎಂದು ಪದ್ಧತಿ. ಕುಲಕರ್ಣಿಯವರೆಂಬ ರಿಟೈರಾದ ಬ್ಯಾಂಕಿನವರು ಅಡುಗೆಯ ದಂಡನಾಯಕ.

ಒಳಗೆ ಕಾಲಿಡುವುದೇ ತಡ, ಹೆಂಗಸರು ನನ್ನನ್ನು ಸುತ್ತಿಕೊಂಡರು. ಕಚೇರಿಯ ರಜಾ ಅರ್ಜಿ ಊರೆಲ್ಲ ಸುತ್ತಿ ಬಂದಿತ್ತು. ಮೈಸೂರಿನ ಒಬ್ಬರು ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿ, "ಪಾಪ, ಎಷ್ಟು ಇಳಿದು ಹೋಗಿದೀರಾ. ಆಪರೇಷನ್ ಅಂದ್ರೆ ಸುಮ್ನೇನಾ? ಎಲ್ಲಾ ನಾವೇ ಅನುಭವಿಸ್ಬೇಕು ನೋಡಿ" ಎಂದರು. ನನ್ನ ನಾಲಿಗೆ ಹಲ್ಲಿನ ಹಿಂದೆ ಬಂದು ನಿಂತಿತ್ತು. ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅತ್ತೆ ಕೂತಿದ್ದರು, ಮಡಿಲಲ್ಲಿ ಇರಾ. ನನ್ನನ್ನು ನೋಡಿ ತಲೆ ಅಲ್ಲಾಡಿಸಿದರು, ಬೇಡ ಎಂದು.

ಎಲೆ ಹಾಸಿ ನಾವು ಹೆಂಗಸರೆಲ್ಲ ಕೂತಾಗಿತ್ತು, ಮೈಸೂರಿನವರು ನನ್ನ ಕೈ ಬಿಡದೆ ಪಕ್ಕದಲ್ಲೇ ಕೂತಿದ್ದರು. ಉಪ್ಪು, ಕೋಸಂಬರಿ, ಪಲ್ಯ ಬಂದು ಹೋಗಿತ್ತು. ಅನ್ನದ ಕೊಪ್ಪರಿಗೆ ಇನ್ನೂ ಅಡುಗೆಯ ಬಾಗಿಲಲ್ಲೇ ಇತ್ತು, ಹಬೆಯಾಡುತ್ತ. ಕುಲಕರ್ಣಿಯವರು ಕೂಗಿದರು, "ಏ ಸದಾನಂದ, ಬಾರಪಾ ಇಲ್ಲಿ. ಆ ಕಡೆ ನೀ ಹಿಡಿ."

ಸದಾನಂದ ಹೋದರು. ಅಂಗಿಯ ತೋಳು ಮಡಿಚಿದರು. ಬಗ್ಗಿ ಹಿಡಿಕೆಗೆ ಕೈಯನ್ನೂ ಹಾಕಿದರು. ನನಗೆ, ಎತ್ತಿಬಿಟ್ಟರೆ ಆ ಊತಕ್ಕೆ ಏನಾಗುತ್ತದೋ ಎಂಬ ಭಯ ಒಂದು. ಆದರೆ ಅದಕ್ಕಿಂತ ಹೆಚ್ಚು, ಎತ್ತಿಬಿಟ್ಟರೆ ಈ ಮನುಷ್ಯನ ಜೊತೆ ಇನ್ನು ಹೇಗೆ ಬದುಕಲಿ ಎಂಬ ಭಯ. ಅವರು ತಲೆ ಎತ್ತಿದಾಗ ಎದುರಿಗೆ ಕಂಡದ್ದು ಅತ್ತೆ. ಅತ್ತೆ ಸೊಂಟಕ್ಕೆ ಬಿಗಿದ ಬಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಗನನ್ನೇ ನೋಡುತ್ತಿದ್ದರು.

ಸದಾನಂದ ಹಿಡಿಕೆ ಬಿಟ್ಟು ನೆಟ್ಟಗೆ ನಿಂತರು.

"ಕುಲಕರ್ಣಿಯವ್ರೇ, ನಂಗೆ ಭಾರ ಎತ್ಲಿಕ್ಕಿಲ್ಲ. ಆಪರೇಷನ್ ಆಗಿದೆ."

"ಆಪರೇಷನ್ ನಿನ್ನ ಹೆಂಡ್ತಿಗಲ್ಲೇನೋ?"

"ಅಲ್ಲ. ನಂಗೆ. ಮಕ್ಕಳಾಗದ ಆಪರೇಷನ್. ಅವಳಿಗೆ ಅಂತ ಸುಳ್ಳು ಹೇಳಿದ್ದೂ ನಾನೇ."

ಪಲ್ಯದ ಬಕೆಟ್ ಹಿಡಿದವರು ಅಲ್ಲೇ ನಿಂತರು. ನನ್ನ ಪಕ್ಕದ ಮೈಸೂರಿನವರು ನನ್ನ ಕೈ ಬಿಟ್ಟರು. ಹಿಂದಿನಿಂದ ಒಬ್ಬರು ಕಿಸಕ್ಕೆಂದು ನಕ್ಕು, "ಹೆಂಡ್ತಿ ಜೋರಿದ್ರೆ ಹೀಗೇ ಕಣಪ್ಪ" ಎಂದರು. ಸದಾನಂದರ ಕಿವಿ ಕೆಂಪಾಯಿತು, ಆದರೆ ತಲೆ ತಗ್ಗಿಸಲಿಲ್ಲ. ಫ್ಯಾನ್ ಕಡೆ ನೋಡಲೂ ಇಲ್ಲ. ನಕ್ಕವರನ್ನೇ ನೋಡುತ್ತ ನಿಂತಿದ್ದರು. ಹದಿಮೂರು ವರ್ಷದ ಸಂಸಾರದಲ್ಲಿ ನನಗೆ ಅವರು ಅಷ್ಟು ಚೆಂದ ಕಂಡದ್ದು ಅವತ್ತೇ.

ಕೊಪ್ಪರಿಗೆ ಹಾಗೇ ಕೂತಿತ್ತು. ಕುಲಕರ್ಣಿಯವರೂ ಸೇರಿ ಯಾವ ಗಂಡಸೂ ಮುಂದೆ ಬರಲಿಲ್ಲ. ನಾನು ಎಲೆಯ ಮುಂದಿನಿಂದ ಎದ್ದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಇಷ್ಟು ದಿನ ಎಲ್ಲರೂ ಪಾಪ ಎಂದ ಅದೇ ಮೈಯನ್ನು ಹೊತ್ತು, ಪಂಕ್ತಿಯ ಉದ್ದಕ್ಕೂ ನಡೆದುಕೊಂಡು ಹೋಗಿ, ಗಂಡನನ್ನು ಪಕ್ಕಕ್ಕೆ ಸರಿಸಿ ಆ ಹಿಡಿಕೆ ಹಿಡಿದೆ. ಆಮೇಲೆ ನಕ್ಕವರ ಕಡೆ ತಿರುಗಿ, ಕೊನೆಯ ಬೆಂಚಿಗೂ ಕೇಳುವ ದನಿಯಲ್ಲಿ ಕೇಳಿದೆ.

"ಅನ್ನ ಆರಾಕತ್ತೇತಿ. ಇನ್ನೊಂದ ಕಡೆ ಯಾರ ಹಿಡೀತೀರಿ?"